ಬನ್ಸಿಗೆ ಜನ ಬೇಕು

ಧರ್ಮಪಾಲ ಕಾರಣ ಹುಡುಕಿ ಸಂಶಯಪಡುವವನಲ್ಲ. ಸಂಶಯ ಮೊದಲು ಬರುತ್ತಿತ್ತು. ಕಾರಣ, ಸಿಗ್ನಲಿನಲ್ಲಿ ಸಿಕ್ಕಿಬಿದ್ದ ಸ್ಲೋ ಲೋಕಲ್ ಟ್ರೇನಿನ ಹಾಗೆ, ತಡವಾಗಿಯಾದರೂ ಹಿಂದಿನಿಂದ ಬಂದು ಸೇರಿಕೊಳ್ಳುತ್ತಿತ್ತು. ಹಾಲಿನ ಭೈಯಾ ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದು ಅರ್ಥ, ನಗದಿದ್ದರೆ ದರ ಏರಲಿದೆ ಎಂದು. ಇಂಥವನ ಕಿವಿಗೆ ಒಂದು ಮಧ್ಯಾಹ್ನ, ಮೈದಾ ಮೂಟೆಗಳ ಆಚೆಯಿಂದ, ಧಣಿ ತಾರಾನಾಥ ಫೋನಿನಲ್ಲಿ ದನಿ ತಗ್ಗಿಸಿ ಆಡುತ್ತಿದ್ದ ಮಾತು ಬಿತ್ತು. ಮಾತು ತುಳುವಿನಲ್ಲಿತ್ತು. ತಾರಾನಾಥ ಗಿರಾಕಿಗಳೊಡನೆ ಮರಾಠಿ, ಆಳುಗಳೊಡನೆ ಹಿಂದಿ, ಮಗಳೊಡನೆ ಇಂಗ್ಲಿಷ್ ಆಡುವವನು. ತುಳು ಹೊರಬಂತೆಂದರೆ ವಿಷಯ ಮನೆಯದು, ಇಲ್ಲವೇ ಗುಟ್ಟಿನದು.

“ಬನ್ಸಿಗೆ ಜನ ಬೇಕು, ಅಷ್ಟೇ. ಕೈಗುಣ ಇರುವವರು... ಇಲ್ಲ ಇಲ್ಲ, ಇಲ್ಲಿ ಈಗ ಇರುವವರಿಂದ ಅದು ಆಗುವ ಕೆಲಸ ಅಲ್ಲ... ಅವನಿಗೆ ಈಗಲೇ ಗೊತ್ತಾಗುವುದು ಬೇಡ. ಸಮಯ ನೋಡಿ ನಾನೇ ಹೇಳ್ತೇನೆ.”

ಧರ್ಮಪಾಲನ ಕೈಯಲ್ಲಿದ್ದ ಹಲಗೆ ಭಟ್ಟಿಯ ಬಾಯಲ್ಲೇ ನಿಂತಿತು. ಡೊಂಬಿವಲಿ ಪೂರ್ವದ ಈ ನ್ಯೂ ಸೀತಾನದಿ ಬೇಕರಿಯಲ್ಲಿ ಬನ್ ಮಾಡುವವನು ಯಾರು? ಧರ್ಮಪಾಲ. ಪಾವ್ ಮಾಡುವವನು, ಖಾರಿ ಮಾಡುವವನು, ಟೋಸ್ಟ್ ಮಾಡುವವನು? ಅವನೇ. ಭಟ್ಟಿಯ ಉಸ್ತಾದ ಅವನು. ಭಟ್ಟಿ ಎಂದರೆ ಕಟ್ಟಿಗೆ ಉರಿಸುವ, ಗುಹೆಯಂಥ ಇಟ್ಟಿಗೆಯ ಒಲೆ. ಅದರೆದುರು ನಿಂತು, ಉದ್ದ ಹಿಡಿಯ ಹಲಗೆಯಿಂದ ತಟ್ಟೆಗಳನ್ನು ಒಳಗೆ ನೂಕಿ, ಬೆಂದದ್ದನ್ನು ಹೊರಗೆಳೆಯುತ್ತ ಅವನ ಅರ್ಧ ಆಯುಷ್ಯ ಕಳೆದಿತ್ತು. ಕಾರ್ಕಳದ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದು, ಕಲ್ಯಾಣಿನ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆದು, ಅಲ್ಲಿಂದ ಇಲ್ಲಿಗೆ ಬಂದವನು. ಮೊಣಕೈಯ ಕೆಳಗೆ ಒಂದು ಕೂದಲು ಉಳಿದಿರಲಿಲ್ಲ. ಎದೆಯಲ್ಲಿ ಮೈದಾ ಧೂಳಿನ ಕೆಮ್ಮು ಖಾಯಂ ಬಾಡಿಗೆದಾರನ ಹಾಗೆ ನೆಲೆಸಿತ್ತು. ವಾರದ ರಜೆ ಎಂಬುದು ಮಧ್ಯಾಹ್ನದ ಮೇಲಿನ ರಜೆ. ಇಷ್ಟಾದರೂ ಅವನು ಈ ಕೆಲಸ ಬಿಡುವ ಮಾತಾಡಿದವನಲ್ಲ. ಬೈದದ್ದು ದಿನವೂ ಉಂಟು. ಬಿಡುವುದು ಬೇರೆ, ಬೈಯುವುದು ಬೇರೆ.

ಆಳುಗಳ ಬಾಯಲ್ಲಿ ಅದು ಬನ್. ಚಾದ ಅಂಗಡಿಗಳಿಗೆ ಹೋಗುವ ಕ್ರೇಟುಗಳ ಮೇಲೆ ಮಾತ್ರ ಧಣಿಯ ಮಗಳು ನೀಲಿ ಮಾರ್ಕರಿನಲ್ಲಿ ಚಂದಕ್ಕೆ ‘ಬನ್ಸ್’ ಎಂದು ಬರೆದಿದ್ದಳು. ಹಾಗಾಗಿ ಧಣಿ ‘ಬನ್ಸಿಗೆ ಜನ ಬೇಕು’ ಎಂದರೆ ಅದಕ್ಕೆ ಎರಡನೆಯ ಅರ್ಥವಿರಲು ಸಾಧ್ಯವೇ ಇಲ್ಲವೆಂದು ಧರ್ಮಪಾಲ ತೀರ್ಮಾನಿಸಿದ. ತೀರ್ಮಾನಿಸಿ ಮುಗಿಯುವುದರೊಳಗೆ ಒಂದು ತಟ್ಟೆ ಪಾವ್ ಕರಕಲಾಯಿತು.

“ಉಸ್ತಾದ್, ಜಲ್ ರಹಾ ಹೈ!” ಎಂದು ಹಿಟ್ಟು ನಾದುತ್ತಿದ್ದ ಇಸ್ರಾರ್ ಕೂಗಿದ. ಆಜಂಗಢದ ಅವನು ಈ ಬೇಕರಿಯಲ್ಲಿ ಧರ್ಮಪಾಲನಷ್ಟೇ ಹಳಬ.

“ನನಗೂ ಗೊತ್ತುಂಟು,” ಎಂದು ಧರ್ಮಪಾಲ ಕನ್ನಡದಲ್ಲೇ ಗೊಣಗಿದ.

ಆ ಮೇಲೆ ಕಾರಣಗಳು ಒಂದೊಂದಾಗಿ ಪ್ಲಾಟ್‌ಫಾರ್ಮಿಗೆ ಬರತೊಡಗಿದವು. ಮೊದಲು ಇಸ್ತ್ರಿ ಮಾಡಿದ ಷರಟಿನವನೊಬ್ಬ ಬಂದು, ಕೆಂಪು ಬೆಳಕು ಬಿಡುವ ಚಿಕ್ಕ ಡಬ್ಬಿಯಿಂದ ಭಟ್ಟಿಯ ಗೋಡೆಯನ್ನು ಅಳೆದ. ಕೆಂಪು ಚುಕ್ಕೆ ಗೋಡೆಯ ಮೇಲೆ ಹರಿದಾಡಿ, ಧರ್ಮಪಾಲನ ಬನಿಯನ್ನಿನ ಮೇಲೂ ಕ್ಷಣಕಾಲ ನಿಂತು ಮುಂದೆ ಹೋಯಿತು.

“ಏನಣ್ಣ ಇದು?” ಎಂದು ಧರ್ಮಪಾಲ ಧಣಿಯನ್ನು ಕೇಳಿದ.

“ಪೇಂಟ್ ಹೊಡೆಸುವಾಂತ,” ಎಂದ ತಾರಾನಾಥ, ಬೇರೆಲ್ಲೋ ನೋಡುತ್ತ.

ಭಟ್ಟಿಗೆ ಪೇಂಟು! ಮಸಿಯ ಮೇಲೆ ಮಸಿ ಕೂತು, ಗೋಡೆ ಇರುವುದು ಮಸಿಯ ಬಲದಿಂದಲೋ ಇಟ್ಟಿಗೆಯ ಬಲದಿಂದಲೋ ಹೇಳಲಾಗದ ಆ ಗುಹೆಗೆ!

ಎರಡನೆಯದು ಇನ್ನೂ ಭಯಂಕರ: ಧಣಿ ಅವನ ಆರೋಗ್ಯ ವಿಚಾರಿಸಿದ. “ಕೆಮ್ಮು ಹೇಗುಂಟು ಧರ್ಮ? ಒಂದು ಎಕ್ಸ್‌ರೇ ತೆಗೆಸು. ರಮಿತಾ ಹುಷಾರಾಗಿದ್ದಾಳಾ?” ಇಷ್ಟು ವರ್ಷ ‘ಪಾವ್ ಆಯ್ತಾ’ ಎಂಬುದರ ಹೊರತು ಬೇರೆ ಪ್ರಶ್ನೆ ಕೇಳದ ಬಾಯಿ ಅದು. ಮರುದಿನ ಭಟ್ಟಿಯ ಪಕ್ಕದಲ್ಲಿ ಹೊಸ ಪ್ಲಾಸ್ಟಿಕ್ ಕುರ್ಚಿಯೊಂದು ಬಂದು ಕೂತಿತ್ತು. “ಮಧ್ಯೆ ಮಧ್ಯೆ ಕೂತ್ಕೋ ಮಾರಾಯ.”

ಕೂತು ಭಟ್ಟಿ ನೋಡಿದವರನ್ನು ಧರ್ಮಪಾಲ ಕಂಡಿರಲಿಲ್ಲ. ಎಬ್ಬಿಸುವ ಯೋಚನೆ ಇರುವವರೇ ಕುರ್ಚಿ ಕೊಡುವುದು ಎಂದು ಅವನಿಗೆ ಅನಿಸಿತು. ಕುರ್ಚಿಯ ಮೇಲೆ ಅವನು ಮೈದಾ ಜರಡಿ ಇಟ್ಟ.

ಇಸ್ರಾರನ ತರ್ಕ ಬೇರೆಯಿತ್ತು. ಚಾ ಕುಡಿಯುವಾಗ ಹೇಳಿದ: “ಉಸ್ತಾದ್, ಲಕ್ಡಿ ಕೀ ಭಟ್ಟಿಯಾಂ ಬಂದ್ ಹೋ ರಹೀ ಹೈಂ. ಮುಂಬಯಿಯಲ್ಲಿ ಕಟ್ಟಿಗೆಯದೆಲ್ಲ ಮುಚ್ಚಿಸಿ ಆಯ್ತಂತೆ, ಇಲ್ಲಿಯೂ ಆಗ್ತದೆ. ಗ್ಯಾಸು, ಕರೆಂಟು. ಹೊಗೆ ಬಿಡಬಾರದಂತೆ.” ಇಸ್ರಾರನ ಕನ್ನಡ ಭಟ್ಟಿಯ ಬಿಸಿಯಲ್ಲಿ ಧರ್ಮಪಾಲನಿಂದ ತಗಲಿಕೊಂಡದ್ದು; ಬೇಕಾದಾಗ ಮಾತ್ರ ಬರುತ್ತಿತ್ತು.

“ಹೊಗೆಯಲ್ಲ ಮಾರಾಯ, ನನ್ನನ್ನೇ ಹೊರಗೆ ಬಿಡ್ತಾರೆ. ನನ್ನ ಜಾಗಕ್ಕೆ ಜನ ನೋಡ್ತಿದ್ದಾರೆ.”

ಇಸ್ರಾರ್ ಹೊಟ್ಟೆ ಹಿಡಿದು ನಕ್ಕ. “ನಿಮ್ಮ ಜಾಗಕ್ಕಾ? ಕೌನ್ ಆಯೇಗಾ? ಈಗಿನ ಹುಡುಗರು ಬೈಕಿನಲ್ಲಿ ಪಾರ್ಸೆಲ್ ಹೊತ್ತು ಮಳೆಯಲ್ಲಿ ನೆನೆದಾರು, ಭಟ್ಟಿ ಎದುರು ಒಂದು ವಾರ ನಿಲ್ಲುವುದಿಲ್ಲ.”

ಧರ್ಮಪಾಲನಿಗೆ ಈಗ ಇಸ್ರಾರನ ಮೇಲೂ ಸಣ್ಣ ಅನುಮಾನ ಹುಟ್ಟಿತು. ಇಷ್ಟು ಧೈರ್ಯ ಹೇಳುವವನಿಗೆ ಏನೋ ಗೊತ್ತಿರಬೇಕು.

ದಿವಾದ ಮನೆಯಲ್ಲಿ ಆ ಸಂಜೆ ಹೆಂಡತಿ ರಮಿತಾ ಗ್ಯಾಲರಿಯ ಕಟಕಟೆಗೆ ಒರಗಿ ಫೋನಿನಲ್ಲಿದ್ದಳು. ಅವನನ್ನು ಕಂಡದ್ದೇ “ಆಮೇಲೆ ಮಾಡ್ತೇನೆ” ಎಂದು ಇಟ್ಟಳು.

“ಯಾರು?”

“ಸಂಘದವರು. ಕಾರ್ಯಕ್ರಮ ಉಂಟಲ್ಲ, ತಿಂಡಿಗೆ ಕೇಳಿದ್ರು.”

ಡೊಂಬಿವಲಿಯ ಕನ್ನಡ ಸಂಘದ ಕಾರ್ಯಕ್ರಮಗಳಿಗೆ ರಮಿತಾ ತಿಂಡಿ ಮಾಡಿಕೊಡುವುದು ಹೌದು. ಆದರೆ ಸಂಘದವರು ಇಷ್ಟು ಹೊತ್ತು ಮಾತಾಡಿದರೆ ಅದು ಭಾಷಣವೇ ಆಗಿರಬೇಕು. ಒಳಗೆ ಮಗಳು ಅನುಷ್ಕಾ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಹೇಳಿದಳು: “ಆಜ್‌ಕಾಲ್ ಮಮ್ಮಿಚಾ ಫೋನ್ ನೇಹಮೀಚ್ ಬಿಝೀ ಅಸತೋ.” ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವ ಹುಡುಗಿ. ಈ ಸಲ ಯಾರೂ ಕೇಳದೆಯೇ ಕೊಟ್ಟಿದ್ದಳು.

ಊಟಕ್ಕೆ ಕೂತಾಗ ಧರ್ಮಪಾಲ ಹೇಳಿದ: “ತಾರಾನಾಥಣ್ಣ ನನ್ನ ಜಾಗಕ್ಕೆ ಬೇರೆಯವರನ್ನು ಹುಡುಕ್ತಿದ್ದಾನೆ.”

ರಮಿತಾ ಸಾರಿನ ಸೌಟನ್ನು ಹಾಗೆಯೇ ಹಿಡಿದಳು. “ಯಾರು ಹೇಳಿದ್ದು?”

“ಯಾರು ಹೇಳಬೇಕು? ನನಗೆ ಕಿವಿ ಇಲ್ಲವಾ?”

‘ಹುಚ್ಚು ನಿಮಗೆ ಮಾರಾಯ್ರೆ’ ಎನ್ನಬೇಕಿತ್ತು ಅವಳು. ಮದುವೆಯಾದಂದಿನಿಂದ ಅವನ ಪ್ರತಿಯೊಂದು ಸಂಶಯಕ್ಕೂ ಅವಳು ಕೊಟ್ಟ ಔಷಧಿ ಅದೇ. ಇಂದು ಕೊಡಲಿಲ್ಲ. “ಮೊಸರು ಹಾಕ್ಲಾ?” ಎಂದಳು.

ಮುಳುಗುವ ಮೊದಲು ಇನ್ನೊಂದು ದೋಣಿ ನೋಡಿಡುವುದು ಒಳ್ಳೆಯದೆಂದು ಧರ್ಮಪಾಲ ದೇಜಪ್ಪನಿಗೆ ಫೋನು ಮಾಡಿದ. ದೇಜಪ್ಪ ಹಿಂದೆ ಸೀತಾನದಿಯಲ್ಲೇ ಇದ್ದವನು; ಈಗ ರಬಾಳೆಯ ಒಂದು ಬ್ರೆಡ್ ಫ್ಯಾಕ್ಟರಿಯಲ್ಲಿದ್ದ. ಹಬ್ಬಕ್ಕೆ ಸಿಕ್ಕಾಗಲೆಲ್ಲ “ಬೆವರೇ ಇಲ್ಲ ಮಾರಾಯ, ಎಸಿ!” ಎಂದು ಹೇಳಿ ಉಳಿದವರನ್ನು ಬೆವರಿಸುತ್ತಿದ್ದ.

“ಬಾ, ಜನ ತಗೊಳ್ತಿದ್ದಾರೆ,” ಎಂದ ದೇಜಪ್ಪ. “ಆದರೆ ಗಡ್ಡ ಬೋಳಿಸಿ ಬಾ. ಇಲ್ಲಿ ಗಡ್ಡಕ್ಕೂ ಟೊಪ್ಪಿ ಹಾಕಿಸ್ತಾರೆ.”

ಬೇಕರಿಗೆ ಮೈಗೆ ಹುಷಾರಿಲ್ಲ ಎಂದು ಹೇಳಿ, ಠಾಣೆಯಲ್ಲಿ ಗಾಡಿ ಬದಲಿಸಿ ಧರ್ಮಪಾಲ ರಬಾಳೆಗೆ ಹೋದ. ಫ್ಯಾಕ್ಟರಿಯ ಗೇಟಿನಲ್ಲಿ ಬ್ರೆಡ್ಡಿನ ವಾಸನೆ ಇತ್ತು. ಒಳಗೆ ಹೋದಂತೆ ಅದೂ ಕಡಿಮೆಯಾಗಿ ಫಿನಾಯಿಲಿನ ವಾಸನೆ ಬಂತು. ಇಂಟರ್‌ವ್ಯೂ ತೆಗೆದುಕೊಳ್ಳಲು ಕೂತವಳು ಶ್ರೀವಾಣಿ ಎಂಬ ಬೆಂಗಳೂರಿನ ಹುಡುಗಿ. ಫೈಲಿನ ಮೇಲೆ ಅವನ ಹೆಸರು ನೋಡಿದ್ದೇ ಮುಖ ಅರಳಿಸಿದಳು.

“ಸರ್, ಕನ್ನಡದವ್ರಾ? ಅಯ್ಯೋ, ಬೆಳಗ್ಗೆಯಿಂದ ಹಿಂದಿ ಮಾತಾಡಿ ಮಾತಾಡಿ ಸಾಕಾಗಿತ್ತು. ಕೂತ್ಕೊಳ್ಳಿ, ಕೂತ್ಕೊಳ್ಳಿ.”

ಮತ್ತೆ ಕುರ್ಚಿ. ಧರ್ಮಪಾಲ ತುದಿಯಲ್ಲಿ ಕೂತ.

“ನೋಡಿ ಸರ್, ಪೋಸ್ಟ್ ಹೆಸರು ಬೇಕರ್ ಅಂತ ಇರಲ್ಲ. ಪ್ರೊಸೆಸ್ ಅಸೋಸಿಯೇಟ್. ನೀವು ಕಂಪನಿ ರೋಲಲ್ಲಿ ಇರಲ್ಲ, ಕಾಂಟ್ರಾಕ್ಟರ್ ರೋಲಲ್ಲಿ ಇರ್ತೀರಿ. ಯೂನಿಫಾರ್ಮ್, ಕ್ಯಾಂಟೀನ್, ಪಿಎಫ್ ಎಲ್ಲಾ ಇದೆ. ಹನ್ನೊಂದು ತಿಂಗಳಾದ್ಮೇಲೆ ಒಂದು ಬ್ರೇಕ್ ಕೊಡ್ತೀವಿ.”

“ಬ್ರೇಕ್ ಅಂದರೆ, ಚಾ ಕುಡೀಲಿಕ್ಕಾ?”

ಶ್ರೀವಾಣಿ ನಗು ತಡೆದಳು. “ಅಲ್ಲ ಸರ್. ಸರ್ವೀಸ್ ಬ್ರೇಕ್. ಸ್ವಲ್ಪ ದಿನ ಮನೇಲಿರ್ತೀರಿ, ಆಮೇಲೆ ಫ್ರೆಶ್ ಜಾಯ್ನಿಂಗ್.”

“ಹಾಗಾದರೆ ಖಾಯಂ ಯಾವಾಗ?”

“ಅದು... ಪಾಲಿಸಿ ಸರ್,” ಎಂದಳು ಅವಳು. ಆ ಒಂದು ಮಾತಿನಲ್ಲಿ ಮಾತ್ರ ದನಿ ಸ್ವಲ್ಪ ಇಳಿಯಿತು; ಬಹುಶಃ ಅವಳ ಕೆಲಸಕ್ಕೂ ಒಂದು ಪಾಲಿಸಿ ಇತ್ತು.

ಟ್ರಯಲ್‌ಗೆ ನೀಲಿ ಟೊಪ್ಪಿ, ಬಾಯಿಗೆ ಬಟ್ಟೆ, ಕೈಗೆ ಗ್ಲೌಸು ಹಾಕಿಸಿ ಒಂದು ಬೆಲ್ಟಿನ ಪಕ್ಕ ನಿಲ್ಲಿಸಿದರು. ಉದ್ದ ಸುರಂಗದಂಥ ಒಲೆಯೊಂದರ ಆ ತುದಿಯಲ್ಲಿ ಹಿಟ್ಟು ಒಳಗೆ ಹೋಗಿ, ಈ ತುದಿಯಲ್ಲಿ ಬ್ರೆಡ್ಡು ಬರುತ್ತಿತ್ತು. ಮಧ್ಯೆ ಬೇಯಿಸುವವನು ಯಾರು ಎಂದು ಧರ್ಮಪಾಲ ಕಣ್ಣಲ್ಲೇ ಹುಡುಕಿದ. ಯಾರೂ ಇರಲಿಲ್ಲ. ಒಂದು ಪರದೆಯ ಮೇಲೆ ಅಂಕಿಗಳಿದ್ದವು. ಅದನ್ನೂ ಯಾರೂ ನೋಡುತ್ತಿರಲಿಲ್ಲ. ಸೊಟ್ಟಗಿರುವುದನ್ನು, ಬಣ್ಣ ಕೆಟ್ಟದ್ದನ್ನು ತೆಗೆದು ಪಕ್ಕಕ್ಕೆ ಹಾಕುವುದು ಇವನ ಕೆಲಸ.

ಇಷ್ಟು ಹೊಂದಿಕೆಯಾಗುವ ಕೆಲಸ ಅವನಿಗೆ ಹುಟ್ಟಿದಂದಿನಿಂದ ಸಿಕ್ಕಿರಲಿಲ್ಲ. ಬಂದ ಬ್ರೆಡ್ಡುಗಳಲ್ಲಿ ಅವನಿಗೆ ನಂಬಿಕೆ ಹುಟ್ಟಿಸಿದವು ಕಡಿಮೆ. ಇದರ ಬೆನ್ನು ಹೆಚ್ಚು ಕೆಂಪು, ಅದರ ಸೊಂಟ ಕುಸಿದಿದೆ, ಇನ್ನೊಂದು ಹೊರಗೆ ಚಂದ ಕಂಡರೂ ಒಳಗೆ ಹಸಿಯಿರುವ ಮುಖ. ಕ್ರೇಟು ತುಂಬಿತು, ಇನ್ನೊಂದು ತುಂಬಿತು. ಪ್ಯಾಕಿಂಗಿನವರು ಕೈ ಕಟ್ಟಿ ನಿಂತರು. ಸೂಪರ್‌ವೈಸರ್ ಓಡಿಬಂದ.

“ಅರೇ ಕಾಕಾ, ಸಬ್ ನಿಕಾಲ್ ದೋಗೇ ಕ್ಯಾ? ಮಾರ್ಕೆಟ್ ಮೇಂ ಕ್ಯಾ ಭೇಜೂಂ, ಖಾಲಿ ಪ್ಯಾಕೆಟ್?”

ಶ್ರೀವಾಣಿಗೆ ಮಾತ್ರ ಇದು ಗುಣವಾಗಿ ಕಂಡಿತು. “ಸರ್, ನಿಮ್ಮನ್ನ ಕ್ವಾಲಿಟಿ ಲೈನಿಗೆ ಹಾಕ್ಬಹುದು. ಸೋಮವಾರದಿಂದ ಬನ್ನಿ. ಆದ್ರೆ ಒಂದ್ ಕೇಳ್ಲಾ, ಅಷ್ಟು ವರ್ಷ ಒಂದೇ ಕಡೆ ಇದ್ದು ಈಗ ಯಾಕೆ ಬಿಡ್ತಿದೀರಾ?”

“ನಾನು ಬಿಡುವುದಲ್ಲ. ಬನ್ಸಿಗೆ ಬೇರೆ ಜನ ಹುಡುಕ್ತಿದ್ದಾರೆ ಅವರು.”

“ಬನ್ಸಾ?” ಹುಡುಗಿಯ ಕಣ್ಣು ದೊಡ್ಡದಾಯಿತು. “ಮಂಗಳೂರು ಬನ್ಸಾ? ಬಾಳೆಹಣ್ಣಿಂದು? ಅಯ್ಯೋ ಸರ್, ನಂಗೆ ಪ್ರಾಣ ಅದು! ಇಲ್ಲಿ ಎಲ್ಲೂ ಸರಿಯಾಗಿ ಸಿಗಲ್ಲ. ನೀವು ಬನ್ಸ್ ಕರೀತೀರಾ? ಮೊದ್ಲೇ ಹೇಳ್ಬಾರ್ದಾ?”

ಧರ್ಮಪಾಲ ಅವಳ ಮುಖವನ್ನು ನೋಡುತ್ತ ಕೂತ. ಕಳಿತ ಬಾಳೆಹಣ್ಣು ಹಿಸುಕಿ, ಮೈದಾ ಮೊಸರಿನಲ್ಲಿ ಕಲಸಿ ಹುದುಗಿಸಿಟ್ಟು, ಮರುದಿನ ಲಟ್ಟಿಸಿ, ಎಣ್ಣೆಯಲ್ಲಿ ಪೂರಿಯ ಹಾಗೆ ಉಬ್ಬಿಸಿ ತೆಗೆಯುವ ಬನ್ಸ್. ತುಳು ಮಾತಾಡುವ ಇಬ್ಬರು ‘ಬನ್ಸ್’ ಎಂದರೆ ಅದಲ್ಲದೆ ಇನ್ನೇನು? ಊರಿನಲ್ಲಿ ಮಗುವಿಗೂ ಗೊತ್ತಿರುವ ಅರ್ಥವನ್ನು ಅವನಿಗೆ ಬೆಂಗಳೂರಿನ ಹುಡುಗಿ ರಬಾಳೆಯಲ್ಲಿ ಕೂತು ಹೇಳಬೇಕಾಯಿತು.

ಹೊರಗೆ ಚಾದ ಗಾಡಿಯ ಹತ್ತಿರ ದೇಜಪ್ಪ ಬಿದ್ದು ಬಿದ್ದು ನಕ್ಕ. “ಭಟ್ಟಿಯೆದುರು ನಿಂತು ನಿಂತು ನಿನ್ನ ತಲೆಯೂ ಬೆಂದಿದೆ ಮಾರಾಯ! ಕಾರ್ಕಳದವನಾಗಿ ಬನ್ಸ್ ಅಂದರೆ ಪಾವಿನ ತಮ್ಮ ಅಂದುಕೊಂಡೆಯಲ್ಲ! ಹೋಗು, ಹೋಗಿ ನಿನ್ನ ಭಟ್ಟಿಯ ಕಾಲಿಗೆ ಬೀಳು.”

“ನೀನು ಇಲ್ಲಿ ಸುಖವಾಗಿದ್ದೀಯಲ್ಲ?”

ದೇಜಪ್ಪನ ನಗು ಅರ್ಧಕ್ಕೆ ನಿಂತಿತು. “ಬೆವರಿಲ್ಲ,” ಎಂದ. ಚಾ ಮುಗಿಸಿ ಮತ್ತೆ ಹೇಳಿದ: “ಮುಂದಿನ ತಿಂಗಳು ನನ್ನ ಬ್ರೇಕು. ವಾಪಸು ಕರೀತಾರೆ. ಇಷ್ಟರವರೆಗೆ ಕರೆದಿದ್ದಾರೆ.”

ಗಾಡಿಯಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಧರ್ಮಪಾಲ ಒಬ್ಬನೇ ನಕ್ಕ. ಎದುರು ಕೂತವನು ಚೀಲವನ್ನು ತನ್ನ ಕಡೆ ಎಳೆದುಕೊಂಡ. ಎದೆ ಹಗುರಾಗಿತ್ತು. ಐರೋಲಿ ಬರುವವರೆಗೆ ಹಗುರಾಗಿಯೇ ಇತ್ತು.

ಐರೋಲಿ ದಾಟಿದ ಮೇಲೆ ಅವನಿಗೆ ಹೊಳೆಯಿತು: ಪಾವಿನ ಬೇಕರಿಗೆ ಬನ್ಸ್ ಯಾಕೆ?

ಬನ್ಸಿಗೆ ಬಾಣಲೆ ಸಾಕು. ಭಟ್ಟಿ ಬೇಡ. ಗೋಡೆ ಅಳೆದದ್ದು ಪೇಂಟಿಗಲ್ಲ, ಒಡೆಯಲಿಕ್ಕೆ. ಅವನ ಜಾಗಕ್ಕೆ ಯಾರೂ ಬರುವುದಿಲ್ಲ, ಜಾಗವೇ ಇರುವುದಿಲ್ಲ. ಇಷ್ಟು ದಿನ ತಾನು ಸಂಶಯಪಟ್ಟದ್ದು ಹೆಚ್ಚಾಯಿತೆಂದು ನಾಚಿದ್ದ. ಈಗ ನೋಡಿದರೆ ಕಡಿಮೆಯಾಗಿತ್ತು. ಅದರ ಹಿಂದೆಯೇ ಇನ್ನೊಂದು ಬಂತು. ಡೊಂಬಿವಲಿ ಕಲ್ಯಾಣಿನ ಊರವರಲ್ಲಿ ಬನ್ಸಿಗೆ ಕೈಗುಣ ಇರುವವರು ಎಂದರೆ ಯಾರು? ಸಂಘದ ಕಾರ್ಯಕ್ರಮದಲ್ಲಿ ಭಾಷಣ ನಡೆಯುವಾಗಲೇ ತಟ್ಟೆ ಖಾಲಿಯಾಗುವ ಬನ್ಸ್ ಯಾರದು?

ಮನೆಗೆ ಬಂದು ಚಪ್ಪಲಿ ಬಿಚ್ಚುವ ಮೊದಲೇ ಕೇಳಿದ: “ತಾರಾನಾಥಣ್ಣ ಫೋನಿನಲ್ಲಿ ಬನ್ಸಿಗೆ ಜನ ಬೇಕು ಅಂತ ಹೇಳ್ತಿದ್ದ. ಆ ಕಡೆ ಯಾರಿದ್ದರು?”

ರಮಿತಾ ಮೆಂತೆ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ನಾನೇ,” ಎಂದಳು.

ಅವನು ಬಾಗಿಲಲ್ಲೇ ನಿಂತ. ಅವಳೇ ಮುಂದುವರಿಸಿದಳು: “ಭಟ್ಟಿ ತೆಗೀತಾರಂತೆ. ಕಟ್ಟಿಗೆ ನಡೆಯುವುದಿಲ್ಲ, ಗ್ಯಾಸಿನದು ಹಾಕಿಸಿದರೆ ಪಾವಿನಲ್ಲಿ ಅಸಲು ಹುಟ್ಟುವುದಿಲ್ಲ ಅಂತೆ. ಊರಿನ ತಿಂಡಿಯ ಹೋಟೆಲ್ ಮಾಡ್ತಾರಂತೆ. ಬನ್ಸ್, ಗೋಳಿಬಜೆ, ನೀರುದೋಸೆ. ಅಡಿಗೆಮನೆ ನನ್ನ ಕೈಗೆ ಅಂದರು.”

“ನೀನು ನನಗೆ ಹೇಳಲಿಲ್ಲ.”

“ಏನು ಹೇಳಬೇಕಿತ್ತು? ಧಣಿಯ ಬಾಯಿಂದ ಬರಬೇಕಾದ ಮಾತು ಅದು. ಮತ್ತೆ ಹೇಳಿದ್ದರೆ ನೀವು ನಂಬುತ್ತಿದ್ದಿರಾ? ಸೂರ್ಯ ಮೂಡಿದ ಅಂದರೂ ಗ್ಯಾಲರಿಗೆ ಹೋಗಿ ನೋಡಿಕೊಂಡು ಬರುವವರು!”

“ಒಪ್ಪಿದೆಯಾ?”

“ಇಲ್ಲ.” ಈಗ ಅವಳ ಕೈ ನಿಂತಿತು. “ನನ್ನ ಗಂಡನಿಗೆ ಏನು ಕೆಲಸ ಅಂತ ಕೇಳಿದೆ. ಪಾರ್ಸೆಲ್ ಕಟ್ಟಲಿ ಅಂದರು. ನೀವು ಪಾರ್ಸೆಲ್ ಕಟ್ಟುವುದು, ನಾನು ಒಳಗಿಂದ ಕೂಗುವುದು... ಬೇಡ ಅಂತ ಹೇಳಿಬಿಟ್ಟೆ. ಅದಕ್ಕೇ ಮತ್ತೆ ಮತ್ತೆ ಫೋನ್ ಮಾಡುವುದು ಅವರು.”

ಧರ್ಮಪಾಲ ಗೋಡೆಗೆ ಒರಗಿ ಕೂತ. ಮೆಂತೆಯ ಒಂದು ಕಡ್ಡಿ ಎತ್ತಿಕೊಂಡು ಕೇಳಿದ: “ನಿನಗೆ ಆಸೆ ಉಂಟಾ?”

ರಮಿತಾ ಸೊಪ್ಪಿನ ಕಡ್ಡಿಗಳನ್ನೆಲ್ಲ ಒಟ್ಟು ಮಾಡಿದಳು, ಮತ್ತೆ ಹರಡಿದಳು. “ಸಂಘದಲ್ಲಿ ತಿಂದವರು ಯಾರ ಕೈ ಇದು ಅಂತ ಕೇಳ್ತಾರೆ. ಬೇಕರಿ ಧರ್ಮಪಾಲನ ಹೆಂಡತಿ ಅಂತ ಹೇಳ್ತಾರೆ. ಹೆಸರು ಯಾರೂ ಹೇಳುವುದಿಲ್ಲ.” ಕಡ್ಡಿಗಳನ್ನು ಬದಿಗೆ ಸರಿಸಿ ಹೇಳಿದಳು: “ಉಂಟು. ಆಸೆ ಉಂಟು.”

ಯಾರೋ ತನ್ನ ದಾರಿಗೆ ಅಡ್ಡ ನಿಂತಿದ್ದಾರೆಂದು ಎಷ್ಟೋ ದಿನದಿಂದ ಹುಡುಕುತ್ತಿದ್ದವನಿಗೆ, ಇನ್ನೊಬ್ಬರ ದಾರಿಗೆ ತಾನೇ ಅಡ್ಡ ನಿಂತಿರುವುದು ಕಂಡಿತು. ಇದರಲ್ಲಿ ಏನಾದರೂ ಮೋಸವಿದೆಯೇ ಎಂದು ಅವಳ ಮುಖವನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನಂಥ ಪರಿಣತನಿಗೂ ಏನೂ ಸಿಗಲಿಲ್ಲ.

“ಎಲ್ಲಿಗೆ ಹೋಗಿದ್ದಿರಿ ನೀವು, ಇಸ್ತ್ರಿ ಷರಟು ಹಾಕಿಕೊಂಡು?” ಎಂದು ಅವಳು ಈಗ ಕೇಳಿದಳು.

“ರಬಾಳೆಗೆ. ಕೆಲಸ ಉಂಟು. ಎಸಿ,” ಎಂದ. ಬ್ರೇಕಿನ ವಿಷಯ ಹೇಳಲಿಲ್ಲ.

“ಎಸಿ ಇದ್ದರೆ ಆಯ್ತಾ? ಖಾಯಂ ಉಂಟಾ?”

“ಉಂಟುಂಟು. ಊಟ ಹಾಕು.”

ಮರುದಿನ ಮಧ್ಯಾಹ್ನ, ಇಸ್ರಾರ್ ತಟ್ಟೆಗಳಲ್ಲಿ ಹಿಟ್ಟಿನ ಉಂಡೆ ಜೋಡಿಸುತ್ತಿದ್ದಾಗ, ತಾರಾನಾಥ ಒಳಗೆ ಬಂದ. ಬಂದು, ಕೆಮ್ಮು ಹೇಗುಂಟು ಎಂದು ಶುರುಮಾಡುವುದರಲ್ಲಿದ್ದ.

“ರಮಿತಾ ಬರ್ತಾಳೆ ಅಣ್ಣ,” ಎಂದ ಧರ್ಮಪಾಲ, ಭಟ್ಟಿಯಿಂದ ಕಣ್ಣು ತೆಗೆಯದೆ.

ತಾರಾನಾಥನ ಬಾಯಿ ತೆರೆದೇ ಇತ್ತು. “ಎಲ್ಲಿಗೆ?”

“ಬನ್ಸಿಗೆ.”

ಧಣಿ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. ಭಟ್ಟಿಯ ಕೋಣೆಯಲ್ಲಿ ಅದಕ್ಕೆ ಕಾರಣ ಬೇಕಿಲ್ಲ, ಆದರೂ ಒರೆಸಿದ ರೀತಿ ಬೇರೆಯಿತ್ತು. “ನಾನೇ ಹೇಳುವಾಂತ ಇದ್ದೆ ಧರ್ಮ. ದೇವರಾಣೆ. ಬಾಯಿಯೇ ಬರಲಿಲ್ಲ. ಭಟ್ಟಿ ನನ್ನ ಅಪ್ಪ ಕಟ್ಟಿಸಿದ್ದು, ನನಗೂ ಸಂಕಟ ಆಗ್ತದೆ. ಪಾವಿನ ರೇಟು ಒಂದು ರೂಪಾಯಿ ಏರಿಸಿದರೆ ವಡಾಪಾವಿನವರು ಮೋರ್ಚಾ ತರ್ತಾರೆ. ಏನು ಮಾಡಲಿ, ನೀನೇ ಹೇಳು. ಇಸ್ರಾರನಿಗೂ ಭಿವಂಡಿಯಲ್ಲಿ ಕೆಲಸಕ್ಕೆ ಮಾತಾಡಿದ್ದೇನೆ.”

ತಲೆಯೆತ್ತಿ ನೋಡಿದ ಇಸ್ರಾರ್, ಮತ್ತೆ ಹಿಟ್ಟಿಗೆ ಬಗ್ಗಿದ. ಅವನಿಗೆ ಗೊತ್ತಿತ್ತು. ಧರ್ಮಪಾಲನ ಸಣ್ಣ ಅನುಮಾನ ಸುಳ್ಳಾಗಿರಲಿಲ್ಲ.

“ಅದಿರಲಿ. ಅವಳ ಮಾತು ನಾನು ಆಡ್ತೇನೆ,” ಎಂದ ಧರ್ಮಪಾಲ. “ಅಣ್ಣ, ಬ್ರೇಕ್ ಇಲ್ಲವಲ್ಲ?”

“ಎಂಥ ಬ್ರೇಕ್?”

“ಹನ್ನೊಂದು ತಿಂಗಳಾದ ಮೇಲೆ ಮನೆಗೆ ಕಳಿಸಿ ಮತ್ತೆ ಹೊಸದಾಗಿ ಕರೆಯುವುದು.”

“ಹೋಟೆಲಿನ ಅಡಿಗೆಯವರನ್ನು ಯಾರಾದರೂ ಕಳಿಸಿದರೆ ಆ ಹೊತ್ತಿಗೇ ಎದುರಿನ ಹೋಟೆಲಿನವನು ಹಾರಿಸಿಕೊಂಡು ಹೋಗ್ತಾನೆ ಮಾರಾಯ! ನಿನಗೆ ಇದನ್ನೆಲ್ಲ ಯಾರು ಹೇಳಿಕೊಟ್ಟದ್ದು?”

ಧರ್ಮಪಾಲ ಹೇಳಲಿಲ್ಲ. ಪಿಎಫ್ ಬೇಕು ಎಂದ. ವಾರಕ್ಕೊಂದು ಪೂರ್ತಿ ದಿನ ರಜೆ, ಮಧ್ಯಾಹ್ನದ ಮೇಲಿನದ್ದಲ್ಲ. ಎಣ್ಣೆಯ ಹೊಗೆ ಎದೆಗೆ ಹೋಗದ ಹಾಗೆ ಎಕ್ಸಾಸ್ಟ್, ಅದೂ ತಿರುಗುವಂಥದ್ದು. ಪಾತ್ರೆ ತೊಳೆಯಲು ಅವಳನ್ನು ಹಚ್ಚಬಾರದು. ಬೋರ್ಡಿನಲ್ಲೋ ಮೆನುವಿನಲ್ಲೋ ಎಲ್ಲಾದರೂ ಒಂದು ಕಡೆ ‘ರಮಿತಾ ಬನ್ಸ್’ ಎಂದು ಇರಬೇಕು. ಒಂದೊಂದು ಮಾತಿಗೂ ತಾರಾನಾಥ ‘ಹ್ಞಾ’ ಎಂದ. ಬೋರ್ಡಿನ ಮಾತಿಗೆ ಮಾತ್ರ ‘ಹ್ಞಾ’ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಇಷ್ಟು ವರ್ಷ ತನಗಾಗಿ ಇವುಗಳಲ್ಲಿ ಒಂದನ್ನೂ ಕೇಳದವನು ಹೆಂಡತಿಗಾಗಿ ಹೀಗೆ ಕೇಳುತ್ತಿರುವುದನ್ನು ನೋಡಿ, ಇಸ್ರಾರ್ ಹಿಟ್ಟಿನ ಮೇಲೆ ಬಗ್ಗಿಕೊಂಡೇ ನಗುತ್ತಿದ್ದ.

“ಆಯ್ತಲ್ಲ,” ಎಂದ ತಾರಾನಾಥ, ದೊಡ್ಡ ಉಸಿರು ಬಿಟ್ಟು. “ಇನ್ನು ನಿನ್ನದು ಹೇಳು. ಪಾರ್ಸೆಲ್ ಬೇಡ ಅಂದರೆ ಗಲ್ಲೆಯಲ್ಲಿ ಕೂತ್ಕೋ. ನಾನು ಹೊರಗೆ ಹೋದಾಗ ದುಡ್ಡಿಗೆ ನಂಬಿಕೆಯವರು ಬೇಕು.”

“ನನಗೆ ಏನೂ ಬೇಡ ಅಣ್ಣ.”

“ಬೇಡ?”

“ಬೇಡ. ನನ್ನದು ನಾನು ನೋಡಿಕೊಂಡಿದ್ದೇನೆ.”

ತಾರಾನಾಥನ ಮುಖದಲ್ಲಿ ಇಳಿದಿದ್ದ ಸಮಾಧಾನ ನಿಧಾನವಾಗಿ ವಾಪಸು ಹತ್ತತೊಡಗಿತು. ವ್ಯಾಪಾರದಲ್ಲಿ ಕೂದಲು ಬೆಳ್ಳಗಾದ ಮನುಷ್ಯ. ಬೇಕು ಎನ್ನುವವರನ್ನು ಹೇಗೆ ಸಂಭಾಳಿಸಬೇಕೆಂದು ಅವನಿಗೆ ಗೊತ್ತಿತ್ತು. ಬೇಡ ಎನ್ನುವವನು ಅವನ ಅಂಗಡಿಗೆ ಬಂದದ್ದು ಇದೇ ಮೊದಲು.

“ಎಲ್ಲಿ?”

“ಉಂಟು ಒಂದು ಕಡೆ.”

“ಕಲ್ಯಾಣಿನಲ್ಲಾ? ಯಾರಾದರೂ ಅಂಗಡಿಗೆ ಗಾಳಾ ಕೊಡ್ತಾರಾ ನಿನಗೆ? ಪಾರ್ಟ್‌ನರ್ ಸಿಕ್ಕಿದ್ದಾನಾ?” ತಾರಾನಾಥ ಹತ್ತಿರ ಬಂದ. ಪಾವ್ ಒಯ್ಯುವ ವಡಾಪಾವಿನವರೆಲ್ಲ, ಚಾದ ಅಂಗಡಿಯವರೆಲ್ಲ ಧರ್ಮಪಾಲನ ಮುಖ ನೋಡಿ ಬರುವವರು ಎಂಬುದು ಈಗಷ್ಟೇ ಅವನ ತಲೆಗೆ ಹೋದಂತಿತ್ತು. ಇಸ್ರಾರನ ಕಡೆ ತಿರುಗಿ ನೋಡಿದ. ಇಸ್ರಾರ್ ಇನ್ನೂ ನಗುತ್ತಿದ್ದುದು ಅವನಿಗೆ ಒಳ್ಳೆಯ ಲಕ್ಷಣವಾಗಿ ಕಾಣಲಿಲ್ಲ. “ಇವನೂ ನಿನ್ನ ಜೊತೆಯಾ? 'ಭಿವಂಡಿ ಠೀಕ್ ಹೈ ಸೇಠ್' ಅಂತ ಅಷ್ಟು ಬೇಗ ಒಪ್ಪಿದ್ದು ಯಾಕೆ ಅಂತ ನನಗೆ ಆಗಲೇ ಅನಿಸಿತ್ತು. ಧರ್ಮ, ನನ್ನ ಹತ್ತಿರ ಮುಚ್ಚಿಡುವಂಥದ್ದು ಎಂಥದುಂಟು ಮಾರಾಯ?”

ಧರ್ಮಪಾಲ ಹುಟ್ಟಿದಂದಿನಿಂದ ಎಲ್ಲರ ಮೇಲೂ ಸಂಶಯಪಟ್ಟವನು. ಅವನ ಮೇಲೆ ಮಾತ್ರ ಈವರೆಗೆ ಯಾರೂ ಸಂಶಯಪಟ್ಟಿರಲಿಲ್ಲ. ಆ ಮಟ್ಟಿಗೆ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸೋಮವಾರದಿಂದ ನೀಲಿ ಟೊಪ್ಪಿ ಹಾಕಿ ಬೆಲ್ಟಿನ ಪಕ್ಕ ನಿಲ್ಲುವವನೆಂದು ಒಂದು ಮಾತು ಹೇಳಿದ್ದರೆ ಧಣಿಗೆ ಆ ದಿನದ ಊಟ ರುಚಿಸುತ್ತಿತ್ತು. ಧರ್ಮಪಾಲ ಆ ಮಾತನ್ನು ನಾಲಗೆಯ ತುದಿಗೆ ತಂದು, ರುಚಿ ನೋಡಿ, ನುಂಗಿದ.

“ನೋಡುವ ಅಣ್ಣ,” ಎಂದ.

“ಏನು ನೋಡುವುದು? ಯಾವಾಗ ನೋಡುವುದು?”

“ಸ್ವಲ್ಪ ಆ ಕಡೆ ನಿಲ್ಲಿ. ಕೈ ಸುಟ್ಟೀತು,” ಎಂದು ಧರ್ಮಪಾಲ ಹಲಗೆಯನ್ನು ಭಟ್ಟಿಯೊಳಗೆ ನೂಕಿ, ಬೆಂದ ಪಾವಿನ ತಟ್ಟೆಯನ್ನು ಹೊರಗೆಳೆದ. ತಾರಾನಾಥ ಸರಿದು ನಿಂತ, ಆದರೆ ಹೋಗಲಿಲ್ಲ. ಪಾವುಗಳ ಬಣ್ಣವನ್ನೂ, ಅದನ್ನು ಎಳೆದ ಕೈಯನ್ನೂ ಮೊದಲ ಸಲ ನೋಡುವವನ ಹಾಗೆ ಬಗ್ಗಿ ನೋಡುತ್ತಿದ್ದ.